ಹಬ್ಬದ ದಿನವೇ ಪಾಳಿ ಬಿದ್ದರೆ

ಪ್ರಶ್ನೆ: ರಂಜಾನ್ ಹಬ್ಬ ಯಾವತ್ತು ಎಂದು ಖಚಿತವಾಗುವುದು ಹಿಂದಿನ ಸಂಜೆ ಚಂದ್ರ ಕಂಡಾಗ. ನಮ್ಮ ಪಾಳಿ ಪಟ್ಟಿಯೋ ತಿಂಗಳ ಮೊದಲೇ ಸಿದ್ಧ. ರಜೆ ಕೇಳುವುದು ಹೇಗೆ?

ಉತ್ತರ: ಒಂದೇ ದಿನಾಂಕ ಬರೆದುಕೊಡುವುದರಿಂದಲೇ ಎಡವಟ್ಟಾಗುತ್ತದೆ. ಚಾಂದ್ರಮಾನ ತಿಂಗಳಿಗೆ 29 ಇಲ್ಲವೇ 30 ದಿನ. ಹಾಗಾಗಿ ಹಬ್ಬ ಬೀಳಬಹುದಾದ ಎರಡೂ ದಿನಗಳನ್ನು ನಮೂದಿಸಿ, ‘ಇವುಗಳಲ್ಲಿ ಒಂದು ದಿನ ರಜೆ, ಇನ್ನೊಂದು ದಿನ ಕೆಲಸಕ್ಕೆ ಹಾಜರು’ ಎಂದು ಪಟ್ಟಿ ತಯಾರಾಗುವ ಮುನ್ನವೇ ಅರ್ಜಿ ಕೊಡಿ. ಬದಲಿಗೆ ಬರುವವರ ಒಪ್ಪಿಗೆ, ಮೇಲ್ವಿಚಾರಕರ ಸಹಿ ಅದರಲ್ಲೇ ಇರಲಿ. ಬಾಯಿಮಾತಿನ ಅದಲುಬದಲು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯಾಗಿ ಕೂತುಬಿಡುತ್ತದೆ!

ಹಿಂದಿನ ರಾತ್ರಿಪಾಳಿಯನ್ನೂ ತಪ್ಪಿಸಿಕೊಳ್ಳಿ. ಹಬ್ಬದ ನಮಾಜು ಬೆಳಿಗ್ಗೆಯೇ. ಪೂರ್ತಿ ರಜೆ ಸಿಗದಿದ್ದರೆ ಮಧ್ಯಾಹ್ನದ ಪಾಳಿ ಕೇಳಿ. ಬಕ್ರೀದಿಗೆ ಇಷ್ಟು ಪರದಾಟವಿಲ್ಲ, ಸುಮಾರು 10 ದಿನ ಮೊದಲೇ ಗೊತ್ತಾಗುತ್ತದೆ.