ಪೋರ್ಟಲ್ಲೋ, ಆನ್‌ಲೈನ್ ಅಂಗಡಿಯೋ? ಕಾಫಿಪುಡಿ ಮಾಡುವ ಓದುಗರಿಗೆ ಸಂಪಾದಕರ ಉತ್ತರ

ಓದುಗರ ಪತ್ರ: ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಕಾಫಿಪುಡಿ ಘಟಕ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ಮತ್ತು ತಮ್ಮ ನೋಡಿಕೊಳ್ಳುತ್ತೇವೆ. ಸುಮಾರು 90 ಹೋಟೆಲು, ಕ್ಯಾಂಟೀನು, ಅಂಗಡಿಗಳಿಗೆ ಪುಡಿ ಕೊಡುತ್ತೇವೆ. ಆರ್ಡರ್ ಎಲ್ಲ ಫೋನು, ವಾಟ್ಸಾಪ್‌ನಲ್ಲಿ ಬರುತ್ತದೆ. ಲೆಕ್ಕ ಟ್ಯಾಲಿಯಲ್ಲಿದೆ. ಪ್ರವಾಸಕ್ಕೆ ಬಂದು ಪುಡಿ ಕೊಂಡುಹೋದವರು ಆಮೇಲೆ ಬೆಂಗಳೂರು, ಪುಣೆಯಿಂದ ಫೋನ್ ಮಾಡಿ ಕಳಿಸಿಕೊಡಿ ಅನ್ನುತ್ತಾರೆ. ಹಾಗಾಗಿ ಇ-ಕಾಮರ್ಸ್ ವೆಬ್‌ಸೈಟ್ ಮಾಡೋಣ ಅಂತ ತಮ್ಮನ ಹಟ. ಹೋಟೆಲಿನವರಿಗೆ ಲಾಗಿನ್ ಇರುವ ಕಸ್ಟಮರ್ ಪೋರ್ಟಲ್ ಮೊದಲು ಬೇಕು ಅಂತ ನನ್ನ ಅನಿಸಿಕೆ. ಒಂದು ಸಾಫ್ಟ್‌ವೇರ್ ಕಂಪನಿ ಎರಡನ್ನೂ ಒಂದರಲ್ಲೇ ಮಾಡಿಕೊಡುತ್ತೇವೆ ಎಂದು ನಾಲ್ಕೂವರೆ ಲಕ್ಷ ಕೇಳಿದೆ. ಏನು ಮಾಡಲಿ? ಇನ್ನೊಂದು ಮಾತು, ಇದನ್ನು ಕನ್ನಡದಲ್ಲಿ ಮಾಡಿಸಬೇಕಾ, ಇಂಗ್ಲಿಷ್ ಸಾಕಾ?

ಸಂಪಾದಕರ ಉತ್ತರ:

ಮೊದಲು ಪೋರ್ಟಲ್ ಮಾಡಿ. ಆನ್‌ಲೈನ್ ಅಂಗಡಿ ಆಮೇಲೆ ಬರಲಿ, ಸಣ್ಣದಾಗಿ ಬರಲಿ. ಎರಡೂ ಒಂದೇ ಸಾಫ್ಟ್‌ವೇರಿನಲ್ಲಿ ಇರಬೇಕು ಅಂತೇನೂ ಇಲ್ಲ. ನಾಲ್ಕೂವರೆ ಲಕ್ಷವನ್ನು ಸದ್ಯಕ್ಕೆ ಬ್ಯಾಂಕಿನಲ್ಲೇ ಬಿಡಿ. ಹಸಿ ಕಾಫಿ ಬೀಜ ಕೊಳ್ಳುವುದಕ್ಕೆ ನಿಮಗೆ ಆ ದುಡ್ಡು ಬೇಕಾಗುತ್ತದೆ.

ನಿಮ್ಮ ತಮ್ಮನಿಗೆ ಇಷ್ಟಕ್ಕೇ ಸಮಾಧಾನ ಆಗುವುದಿಲ್ಲ ಎಂದು ಗೊತ್ತು. ಹಾಗಾಗಿ ಕಾರಣ ಹೇಳುತ್ತೇನೆ.

ನಿಮಗೆ ಫೋನ್ ಮಾಡುವ ಹೋಟೆಲಿನವರು ಏನು ಕೇಳುತ್ತಾರೆ ನೋಡಿ. "ನಿನ್ನೆ ಹೇಳಿದ ಹತ್ತು ಕೆಜಿ ಬಂದಿಲ್ಲ." "ಈ ಸಲ ರೇಟು ಎಷ್ಟು ಹಾಕಿದ್ದೀರಿ?" "ನಮ್ಮದು ಎಷ್ಟು ಬಾಕಿ ತೋರಿಸ್ತಿದೆ?" "ಆಡಿಟರ್ ಕೇಳ್ತಿದ್ದಾರೆ, ಜುಲೈ ಬಿಲ್ ಇನ್ನೊಂದ್ಸಲ ಕಳಿಸಿ." ಇವರಲ್ಲಿ ಯಾರೂ ನಿಮ್ಮನ್ನು ಹುಡುಕುತ್ತಿಲ್ಲ. ನೀವು ಯಾರು, ನಿಮ್ಮ ಪುಡಿ ಹೇಗಿರುತ್ತದೆ ಎಂದು ಅವರಿಗೆ ಗೊತ್ತು. ಅವರ ಲೆಕ್ಕ ನಿಮ್ಮ ಟ್ಯಾಲಿಯೊಳಗೆ ಸಿಕ್ಕಿಕೊಂಡಿದೆ, ಅದು ಅವರ ಕಣ್ಣಿಗೆ ಕಾಣಬೇಕು, ಅಷ್ಟೇ. ಕಸ್ಟಮರ್ ಪೋರ್ಟಲ್ ಮಾಡುವುದು ಇದನ್ನೇ. ಗ್ರಾಹಕ ಲಾಗಿನ್ ಆದರೆ ಅವನ ರೇಟು, ಅವನ ಬಾಕಿ, ಅವನ ಹಳೇ ಬಿಲ್ಲು, ಹೋದ ವಾರದ ಆರ್ಡರನ್ನು ಮತ್ತೆ ಹಾಕುವ ಒಂದು ಬಟನ್.

ಪುಣೆಯಿಂದ ಫೋನ್ ಮಾಡುವವರ ಪ್ರಶ್ನೆಗಳು ಬೇರೆ. ಯಾವ ಪುಡಿ ಒಳ್ಳೆಯದು, ಚಿಕೋರಿ ಎಷ್ಟಿದೆ, ಯಾವಾಗ ಹುರಿದದ್ದು, ಎಷ್ಟು ದಿನಕ್ಕೆ ತಲುಪುತ್ತದೆ, ಗೂಗಲ್ ಪೇ ಮಾಡಲಾ. ಅವರು ಮೊದಲು ದುಡ್ಡು ಕೊಟ್ಟು ಆಮೇಲೆ ಮಾಲು ಪಡೆಯುತ್ತಾರೆ. ಹೋಟೆಲಿನವರು ಮೊದಲು ಮಾಲು ಪಡೆದು ಆಮೇಲೆ, ಕೆಲವೊಮ್ಮೆ ತುಂಬಾ ಆಮೇಲೆ, ದುಡ್ಡು ಕೊಡುತ್ತಾರೆ. ಎರಡು ಬಗೆಯ ಸಾಫ್ಟ್‌ವೇರ್ ಇರುವುದು ಈ ಒಂದು ವ್ಯತ್ಯಾಸದಿಂದ. ಉಳಿದ ಫೀಚರ್ ಪಟ್ಟಿ ಎಲ್ಲ ಇದರ ಹಿಂದೆ ಬರುವಂಥದ್ದು.

ಈ ಸಾಫ್ಟ್‌ವೇರ್‌ಗಳು ಹುಟ್ಟಿದ್ದು ಎಲ್ಲಿ ಎಂದು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಆನ್‌ಲೈನ್ ಅಂಗಡಿ ಮಾಡಿಕೊಡುವ ಶಾಪಿಫೈ ಶುರುವಾದದ್ದು ಕೆನಡಾದಲ್ಲಿ, 2004ರಲ್ಲಿ ಸ್ನೋಬೋರ್ಡ್ ಮಾರಲು ಮಾಡಿಕೊಂಡ ಒಂದು ಆನ್‌ಲೈನ್ ಅಂಗಡಿಯಿಂದ. ಗುರುತಿಲ್ಲದ ಗಿರಾಕಿ ಬರುತ್ತಾನೆ, ಚಿತ್ರ ನೋಡುತ್ತಾನೆ, ಕಾರ್ಡ್ ಉಜ್ಜಿ ಹೋಗುತ್ತಾನೆ. ಅದರ ಮೂಳೆಯಲ್ಲೇ ಆ ಯೋಚನೆ ಇದೆ. ವ್ಯವಹಾರದ ಲೆಕ್ಕ ನೋಡುವ ಸಾಫ್ಟ್‌ವೇರ್, ನಮ್ಮ ಮುಂಬೈಯ ಇಆರ್‌ಪಿನೆಕ್ಸ್ಟ್ ಹುಟ್ಟಿದ್ದು ಒಂದು ಕುಟುಂಬದ ಪೀಠೋಪಕರಣ ವ್ಯವಹಾರದ ಲೆಕ್ಕ ಸರಿಮಾಡಲು ಹೋಗಿ. ಅಲ್ಲಿ ಗ್ರಾಹಕ ಎಂದರೆ ಮೊದಲು ಒಂದು ಲೆಡ್ಜರ್. ನಿಮ್ಮ 90 ಜನರಿಗೆ ಯಾವುದು ಹೊಂದುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿ ಸಾಫ್ಟ್‌ವೇರಿನಲ್ಲೂ ಸಗಟು ಗಿರಾಕಿಗೆ ಬೇರೆ ರೇಟು ಹಾಕಬಹುದಲ್ಲ ಎಂದು ಆ ಕಂಪನಿಯವರು ಹೇಳಿರುತ್ತಾರೆ. ಹಾಕಬಹುದು. ಆದರೆ ನಿಮ್ಮಲ್ಲಿ ಬೇರೆ ಬೇರೆ ಆಗಿರುವುದು ರೇಟು ಒಂದೇ ಅಲ್ಲ. ಒಬ್ಬರಿಗೆ ಎಂಬತ್ತು-ಇಪ್ಪತ್ತು (ಕಾಫಿ ಎಂಬತ್ತು, ಚಿಕೋರಿ ಇಪ್ಪತ್ತು), ಇನ್ನೊಬ್ಬರಿಗೆ ಅರವತ್ತು-ನಲವತ್ತು. ಬಸ್ ಸ್ಟ್ಯಾಂಡ್ ಪಕ್ಕದ ದರ್ಶಿನಿಗೆ ಡಿಕಾಕ್ಷನ್ ದಪ್ಪ ಇಳಿಯಬೇಕು, ರೊಬಸ್ಟಾ ಜಾಸ್ತಿ. ಇನ್ನೊಬ್ಬರಿಗೆ ಪೀಬೆರಿ, ಅಂದರೆ ಹಣ್ಣಿನೊಳಗೆ ಒಂದೇ ಆಗಿ ಬೆಳೆದ ದುಂಡು ಬೀಜ, ಬೇಕೇ ಬೇಕು. ಒಬ್ಬರಿಗೆ ಒಂದು ವಾರದ ಸಾಲ, ಅಪ್ಪನ ಕಾಲದ ಗೆಳೆಯರಿಗೆ ಎರಡು ತಿಂಗಳು. ಇದರ ಮೇಲೆ ಬೀಜದ ಬೆಲೆ. 2024ರಿಂದೀಚೆಗೆ ಅದು ಹೇಗೆ ಏರಿಳಿಯಿತು ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರೇಟು ಬದಲಾದಾಗಲೆಲ್ಲ 90 ಕಡೆ ಫೋನ್ ಮಾಡಿ, ಪ್ರತಿ ಕಡೆಯೂ ಚೌಕಾಸಿ ಮಾಡಿ, ಆಮೇಲೆ "ನನಗೆ ಹೇಳಲೇ ಇಲ್ಲ" ಅನ್ನಿಸಿಕೊಳ್ಳುವುದಕ್ಕಿಂತ, ಇಂಥ ದಿನದಿಂದ ಇಷ್ಟು ಎಂದು ಅವರ ಲಾಗಿನ್‌ನಲ್ಲೇ ಕಾಣಿಸುವುದು ಎಷ್ಟೋ ಮೇಲು.

ಬಾಕಿಯ ವಿಷಯದಲ್ಲಿ ಇನ್ನೂ ಒಂದು ಲಾಭ ಇದೆ. ನಿಮ್ಮದು ಸರ್ಕಾರದ ಉದ್ಯಮ್ ತಾಣದಲ್ಲಿ ನೋಂದಣಿ ಆಗಿರುವ ಸಣ್ಣ ಘಟಕ ಆಗಿದ್ದರೆ, ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಕೊಂಡವರು ನಿಮಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹೋಟೆಲಿನವರ ಮೇಲೆ ನೀವು ಕೇಸು ಹಾಕುವುದಿಲ್ಲ, ಹಾಕಲೂ ಬೇಡಿ. ಆದರೆ ಪೋರ್ಟಲ್‌ನಲ್ಲಿ ಪ್ರತಿ ಬಿಲ್ಲಿನ ಮುಂದೆ ಎಷ್ಟು ದಿನ ಆಯಿತು ಎಂದು ಬರೆದಿದ್ದರೆ, ಕೇಳುವ ಸಂಕೋಚ ನಿಮಗೂ ಕಡಿಮೆ, ಮರೆತೆ ಅನ್ನುವ ನೆಪ ಅವರಿಗೂ ಕಡಿಮೆ. ಪಕ್ಕದಲ್ಲೇ ಯುಪಿಐ ಲಿಂಕ್ ಇಡಿ. ಬಿಲ್ಲು ನೋಡಿದ ಕೈಯಲ್ಲೇ ಕೆಲವರು ಕಟ್ಟುತ್ತಾರೆ.

ಈಗ ನಿಜವಾದ ತೊಡಕು. ಹೋಟೆಲಿನವರು ಲಾಗಿನ್ ಆಗುತ್ತಾರಾ? ಎಲ್ಲರೂ ಆಗುವುದಿಲ್ಲ. ಆರ್ಡರ್ ಕೊಡುವವರು ಹೋಟೆಲ್ ಮಾಲೀಕರಲ್ಲ, ಕ್ಯಾಶಿಯರ್ ಅಥವಾ ಕಾಫಿ ಮಾಸ್ಟರ್. ರಾತ್ರಿ ಬಾಗಿಲು ಹಾಕುವಾಗ ಡಬ್ಬ ನೋಡಿ, "ಅಣ್ಣಾ ನಾಳೆ ಹತ್ತು ಕೆಜಿ" ಎಂದು ವಾಯ್ಸ್ ಮೆಸೇಜ್ ಬಿಡುತ್ತಾರೆ. ಅವರಿಗೆ ಪಾಸ್‌ವರ್ಡ್ ಕೊಟ್ಟರೆ ಎರಡನೇ ದಿನಕ್ಕೆ ಮರೆಯುತ್ತಾರೆ. ಹಾಗಾಗಿ ಮೊಬೈಲ್ ಓಟಿಪಿಯಲ್ಲೇ ತೆರೆಯುವಂತೆ ಮಾಡಿಸಿ. ಒಂದು ಹೋಟೆಲಿಗೆ ಎರಡು ಬಗೆಯ ಲಾಗಿನ್ ಇರಲಿ: ಆರ್ಡರ್ ಹಾಕುವವರಿಗೆ ಬಾಕಿ ಕಾಣಬಾರದು, ಮಾಲೀಕರಿಗೆ ಎಲ್ಲ ಕಾಣಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಮಾಲೀಕರ ಸಾಲ ಕೆಲಸದವರಿಗೆಲ್ಲ ಗೊತ್ತಾದ ಮೇಲೆ ಆ ಹೋಟೆಲು ನಿಮ್ಮ ಕೈಬಿಟ್ಟು ಹೋಗುತ್ತದೆ.

ವಾಯ್ಸ್ ಮೆಸೇಜನ್ನು ನಿಲ್ಲಿಸುವುದಕ್ಕೂ ಹೋಗಬೇಡಿ. ಅದು ಬರಲಿ. ನಿಮ್ಮ ಕಡೆಯವರೇ ಅದನ್ನು ಪೋರ್ಟಲ್‌ಗೆ ಹಾಕಲಿ, ಹಾಕಿದ ಕೂಡಲೇ ಹೋಟೆಲಿನವರಿಗೆ "10 ಕೆಜಿ, ನಾಳೆ ಬೆಳಿಗ್ಗೆ" ಎಂದು ಲಿಂಕ್ ಹೋಗಲಿ. ಆರ್ಡರ್ ಹೇಗೆ ಬಂದರೂ ಬಂದು ಸೇರುವ ಜಾಗ ಒಂದೇ ಆಗಬೇಕು. ಅಷ್ಟಾದರೆ ರಾತ್ರಿಯೇ ನಾಳೆ ಎಷ್ಟು ಹುರಿಯಬೇಕು, ಎಷ್ಟು ಬೀಸಬೇಕು ಎಂದು ನಿಮ್ಮ ತಮ್ಮನ ಕೈಗೆ ಲೆಕ್ಕ ಸಿಗುತ್ತದೆ. ಬೀಸಿದ ಪುಡಿ ಉಳಿದರೆ ಘಮ ಹೋಗುತ್ತದೆ, ಹೋದ ಘಮಕ್ಕೆ ಬಿಲ್ ಹಾಕಲು ಆಗುವುದಿಲ್ಲ.

ಇದಕ್ಕೆ ಹೊಸದಾಗಿ ಏನನ್ನೂ ಕಟ್ಟಿಸಬೇಕಿಲ್ಲ. ಟ್ಯಾಲಿಪ್ರೈಮ್ 4.0 ಆವೃತ್ತಿಯಿಂದ ಬಿಲ್ಲು, ಬಾಕಿಪಟ್ಟಿಗಳನ್ನು ನೇರವಾಗಿ ವಾಟ್ಸಾಪ್‌ಗೆ ಕಳಿಸಬಹುದು. ಮೊದಲು ಅದನ್ನೇ ಸರಿಯಾಗಿ ಬಳಸಿ ನೋಡಿ, ಅರ್ಧ ಫೋನ್ ಕರೆ ಅಲ್ಲೇ ನಿಲ್ಲಬಹುದು. ಲೆಕ್ಕದ ಬೇರೆ ಸಾಫ್ಟ್‌ವೇರ್‌ಗಳಾದ ಜೋಹೋ ಬುಕ್ಸ್, ಓಡೂ, ಇಆರ್‌ಪಿನೆಕ್ಸ್ಟ್ ಮೂರರಲ್ಲೂ ಕಸ್ಟಮರ್ ಪೋರ್ಟಲ್ ಒಳಗೇ ಇದೆ. ಇವಕ್ಕೆ ಬದಲಾದರೆ ಟ್ಯಾಲಿ ಬಿಡಬೇಕಾಗುತ್ತದೆ, ಅದಕ್ಕೆ ನಿಮ್ಮ ಅಕೌಂಟೆಂಟ್ ಒಪ್ಪಬೇಕು. ಅವರು ಒಪ್ಪದೆ ಇದ್ದರೆ, ಟ್ಯಾಲಿಗೆ ಜೋಡಿಸುವ ಸಣ್ಣ ಆರ್ಡರ್ ಆ್ಯಪ್ ತೆಗೆದುಕೊಳ್ಳಿ. ಲೆಕ್ಕ ಎರಡು ಕಡೆ ಬರೆಯುವ ಪರಿಸ್ಥಿತಿ ಮಾತ್ರ ಬರಬಾರದು. ಮೊದಲ ತಿಂಗಳು ಹತ್ತು ಹೋಟೆಲಿಗೆ ಮಾತ್ರ ಕೊಡಿ. ಅದರಲ್ಲಿ ಇಬ್ಬರಾದರೂ ಗಲಾಟೆ ಮಾಡುವ ಗಿರಾಕಿಗಳಿರಲಿ, ತಪ್ಪು ಬೇಗ ಸಿಗುತ್ತದೆ.

ಇನ್ನು ತಮ್ಮನ ಆನ್‌ಲೈನ್ ಅಂಗಡಿ. ಅವರ ಆಸೆ ತಪ್ಪಲ್ಲ. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲೇ ಜಿಐ, ಅಂದರೆ ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಊರಿನ ಹೆಸರಿಗೆ ಬೆಲೆ ಇದೆ. ಆದರೆ ಕಾಗದ ಪೆನ್ನು ತೆಗೆದುಕೊಂಡು ಒಂದು ಪ್ಯಾಕೆಟ್ಟಿನ ಲೆಕ್ಕ ಹಾಕಲಿ. ಕಾಲು ಕೆಜಿ ಪ್ಯಾಕೆಟ್ 220 ರೂಪಾಯಿ ಎಂದುಕೊಳ್ಳಿ. ಕೊರಿಯರ್ 70, ಡಬ್ಬ ಟೇಪು 12, ಕಾರ್ಡಿನಲ್ಲಿ ಕಟ್ಟಿದರೆ ಗೇಟ್‌ವೇ (ಆನ್‌ಲೈನ್ ಪಾವತಿ ಮಾಡಿಸಿಕೊಡುವ ಕಂಪನಿ) ಕಡಿತ ಸುಮಾರು 2%, ಅಂದರೆ 4 ರೂಪಾಯಿ ಚಿಲ್ಲರೆ. 86 ರೂಪಾಯಿ ದಾರಿಯಲ್ಲೇ ಹೋಯಿತು, ನೂರಕ್ಕೆ 39. ಅದೇ ಒಂದು ಕೆಜಿ 880ಕ್ಕೆ ಹೋದರೆ ಕೊರಿಯರ್ 110, ಡಬ್ಬ 20, ಗೇಟ್‌ವೇ 18. ಒಟ್ಟು 148, ನೂರಕ್ಕೆ 17. ಹಾಗಾಗಿ ಒಂದು ಕೆಜಿಗಿಂತ ಕಡಿಮೆ ಕಳಿಸುವುದಿಲ್ಲ ಎಂದು ನಿಯಮ ಮಾಡಿ, ಬೇಕಾದರೆ ಅದರಲ್ಲೇ ನಾಲ್ಕು ಬಗೆಯ ಕಾಲು ಕೆಜಿ ಹಾಕಿ ಕೊಡಿ. ಡಬ್ಬದ ಗಾತ್ರವನ್ನೂ ಅಳೆಯಿರಿ. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದದ್ದನ್ನೂ ತೂಕ ಎಂದೇ ಲೆಕ್ಕ ಹಿಡಿಯುತ್ತಾರೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 25, 20, 12ರ ಡಬ್ಬದಲ್ಲಿ ಒಂದು ಕೆಜಿ ಪುಡಿ ಹಾಕಿದರೂ ಅವರ ಲೆಕ್ಕಕ್ಕೆ 1.2 ಕೆಜಿ.

ಕ್ಯಾಶ್ ಆನ್ ಡೆಲಿವರಿ ಬೇಡವೇ ಬೇಡ. ಬಟ್ಟೆ ವಾಪಸ್ ಬಂದರೆ ಮತ್ತೆ ಮಾರಬಹುದು. ಹದಿನೈದು ದಿನ ಗೋದಾಮು ಸುತ್ತಿ ಬಂದ ಕಾಫಿಪುಡಿಯನ್ನು ಯಾರಿಗೆ ಕೊಡುತ್ತೀರಿ?

ಸ್ವಂತ ಸೈಟೋ, ಅಮೆಜಾನ್, ಫ್ಲಿಪ್‌ಕಾರ್ಟೋ ಎಂಬುದು ಮುಂದಿನ ಪ್ರಶ್ನೆ. ದೊಡ್ಡ ತಾಣಗಳಲ್ಲಿ ಜನ ಇದ್ದಾರೆ, ಕಮಿಷನ್ನೂ ಇದೆ. ಅಲ್ಲಿ ಮಾರಿದರೆ ಜಿಎಸ್‌ಟಿಯಲ್ಲಿ 0.5% ಟಿಸಿಎಸ್, ಅಂದರೆ ತಾಣದವರೇ ಮೊದಲು ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ (2024ರ ಜುಲೈಗೆ ಮುಂಚೆ 1% ಇತ್ತು). ಅದು ನಿಮ್ಮ ಖಾತೆಗೇ ಬರುತ್ತದೆ, ಆದರೆ ತಿಂಗಳು ತಿಂಗಳು ತಾಳೆ ನೋಡಬೇಕು. ಸ್ವಂತ ಸೈಟಿನಲ್ಲಿ ನಿಮ್ಮದೇ ಮಾಲು ಮಾರಿದರೆ ಈ ತಲೆನೋವಿಲ್ಲ, ಆದರೆ ಜನರನ್ನು ಕರೆತರುವ ಖರ್ಚು ಪೂರ್ತಿ ನಿಮ್ಮದು. ನಿಮಗೆ ನಾನು ಸ್ವಂತ ಸೈಟನ್ನೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಗಿರಾಕಿಗಳು ಆಗಲೇ ಅಂಗಡಿಗೆ ಬಂದು ರುಚಿ ನೋಡಿ ಹೋದವರು. ಪ್ಯಾಕೆಟ್ ಮೇಲೆ ಒಂದು ಕ್ಯುಆರ್ ಕೋಡ್ ಅಂಟಿಸಿದರೆ ಅವರೇ ಬರುತ್ತಾರೆ. ವರ್ಡ್‌ಪ್ರೆಸ್ ಮೇಲೆ ಕೂರುವ ವೂಕಾಮರ್ಸ್ ಉಚಿತ, ಹೋಸ್ಟಿಂಗ್ ಮತ್ತು ನೋಡಿಕೊಳ್ಳುವವರಿಗೆ ಖರ್ಚು. ಶಾಪಿಫೈಗೆ ತಿಂಗಳ ಬಾಡಿಗೆ, ತಲೆಬಿಸಿ ಕಡಿಮೆ. ನಾಲ್ಕೈದು ಬಗೆ ಪುಡಿಗೆ ಯಾವುದಾದರೂ ನಡೆಯುತ್ತದೆ, ಇದರ ಮೇಲೆ ವಾರಗಟ್ಟಲೆ ಚರ್ಚೆ ಮಾಡಬೇಡಿ.

ಚರ್ಚೆ ಮಾಡಬೇಕಾದ್ದು ಲೇಬಲ್ ಬಗ್ಗೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಲೇಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆಯಬೇಕು. ಎಂಆರ್‌ಪಿ, ನಿವ್ವಳ ತೂಕ, ತಯಾರಕರ ಹೆಸರು ವಿಳಾಸ ಪ್ಯಾಕೆಟ್ ಮೇಲಿದ್ದರೆ ಸಾಲದು, ಸೈಟಿನಲ್ಲೂ ಕಾಣಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್‌ಎಸ್‌ಎಸ್‌ಎಐ ನಂಬರ್ ಬಿಲ್ಲಿನ ಮೇಲೂ ಇರಬೇಕು, 2022ರಿಂದ ಇದು ಕಡ್ಡಾಯ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಕೇಳುವವರೊಬ್ಬರ ಹೆಸರು, ನಂಬರ್ ಸೈಟಿನಲ್ಲಿ ಹಾಕಬೇಕು, ದೂರು ಬಂದ 48 ಗಂಟೆಯೊಳಗೆ ತಲುಪಿತು ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ಒಬ್ಬರು ನೀವಾ, ತಮ್ಮನಾ ಎಂದು ಈಗಲೇ ತೀರ್ಮಾನಿಸಿ. ನನ್ನ ಕೇಳಿದರೆ ತಮ್ಮನೇ ಆಗಲಿ, ಆಸೆ ಅವರದಲ್ವಾ.

ಆ ಸಾಫ್ಟ್‌ವೇರ್ ಕಂಪನಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಾಳೆ ಮನೆಗಳ ಆರ್ಡರ್ ನಿಮ್ಮ ವಹಿವಾಟಿನ ಮೂರನೇ ಒಂದು ಪಾಲು ದಾಟಿದರೆ, ಸ್ಟಾಕ್ ಎರಡು ಕಡೆ ನೋಡುವುದು ಕಷ್ಟ ಆಗುತ್ತದೆ. ಆಗ ಒಂದೇ ವ್ಯವಸ್ಥೆಗೆ ಅರ್ಥ ಇದೆ. ಆಗಲೂ ದುಡ್ಡು ಕೊಡುವ ಮುಂಚೆ ಎರಡು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಗಿರಾಕಿಗಳ ಪಟ್ಟಿ, ಆರ್ಡರ್, ಬಾಕಿ ಎಲ್ಲವನ್ನೂ ಎಕ್ಸೆಲ್‌ಗೆ ನೀವೇ ಇಳಿಸಿಕೊಳ್ಳಲು ಆಗಬೇಕು. ವೆಬ್‌ಸೈಟಿನ ಹೆಸರು, ಅಂದರೆ ಡೊಮೇನ್, ನಿಮ್ಮ ಇಮೇಲ್‌ನಲ್ಲಿ ನಿಮ್ಮ ಹೆಸರಿಗೇ ನೋಂದಣಿ ಆಗಿರಬೇಕು. ಇವೆರಡಕ್ಕೆ ತಡವರಿಸುವವರಿಗೆ ಮುಂಗಡ ಕೊಡಬೇಡಿ.

ಕನ್ನಡದ ಪ್ರಶ್ನೆ ಉಳಿಯಿತು. ಮನೆಗೆ ಪುಡಿ ತರಿಸಿಕೊಳ್ಳುವವರ ಸೈಟ್ ಎರಡು ಭಾಷೆಯಲ್ಲಿರಲಿ, ಪುಣೆಯವರೂ ಓದಬೇಕು. ಪೋರ್ಟಲ್ ಮಾತ್ರ ಕನ್ನಡದಲ್ಲೇ ತೆರೆಯಲಿ, ಬೇಕಾದವರು ಇಂಗ್ಲಿಷ್‌ಗೆ ಬದಲಿಸಿಕೊಳ್ಳಲಿ. ಪುಡಿಯ ಹೆಸರುಗಳನ್ನು ನಿಮ್ಮ ಟ್ಯಾಲಿಯ ಕೋಡ್‌ನಂತೆ ಹಾಕಬೇಡಿ. ಕಾಫಿ ಮಾಸ್ಟರ್ ಫೋನಿನಲ್ಲಿ ಹೇಗೆ ಹೇಳುತ್ತಾರೋ ಹಾಗೇ ಬರೆಯಿರಿ: "ಎಂಬತ್ತು-ಇಪ್ಪತ್ತು, ಐದು ಕೆಜಿ ಚೀಲ". ಬಟನ್ ಮೇಲೆ "ಹೋದ ಸಲದ್ದೇ ಕಳಿಸಿ" ಎಂದಿರಲಿ. ಹೋಟೆಲಿನವರಿಗೆ ಕೊಡುವ ಮುಂಚೆ ಪೋರ್ಟಲನ್ನು ಒಬ್ಬ ಕ್ಯಾಶಿಯರ್ ಕೈಗೆ ಕೊಟ್ಟು, ಏನೂ ಹೇಳಿಕೊಡದೆ, ಒಂದು ಆರ್ಡರ್ ಹಾಕಿಸಿ ನೋಡಿ.