ಎರಡನೇ ವಾರಕ್ಕೇ ಬಿಟ್ಟು ಹೋಗುವ ವಿದ್ಯಾರ್ಥಿಗಳ ಬಗ್ಗೆ

ನಮಸ್ಕಾರ. ಧಾರವಾಡದಲ್ಲಿ ಪಾಠ ಮಾಡುವ ನೀವು ಕೇಳಿದ್ದು ಇದು: ಸರ್ಕಾರಿ ಶಾಲೆಗೆ ಕಲಿಸಲು ಹೊರಟ ವಿದ್ಯಾರ್ಥಿಗಳು ಎರಡನೇ ವಾರಕ್ಕೇ ನಿಲ್ಲಿಸುತ್ತಾರೆ, ಜಾಗತಿಕ ನ್ಯಾಯ ಅಂದರೆ ಆಕಳಿಸುತ್ತಾರೆ, ಏನು ಮಾಡಲಿ ಅಂತ.

ಭಾಷಣದಿಂದ ಶುರು ಮಾಡಬೇಡಿ. ಅವರ ಅಂಗಿಯ ಕಾಲರಿನ ಚೀಟಿ ಓದಿಸಿ. ನಾನು ಓದಿಸಿದಾಗ ಮೂರು ಅಂಗಿ ಬಾಂಗ್ಲಾದೇಶದ್ದಾಗಿದ್ದವು. ಅಲ್ಲಿ 2013ರಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ತರು. ಹಿಂದಿನ ದಿನವೇ ಬಿರುಕು ಕಂಡಿತ್ತು, ಆದರೂ ಹೊಲಿಗೆ ಕೆಲಸದವರನ್ನು ಒಳಗೆ ಕಳಿಸಿದ್ದರು. ಇಷ್ಟು ಹೇಳುವಷ್ಟರಲ್ಲಿ ಗದಗ ಕಡೆಯ ಹುಡುಗನೊಬ್ಬ ಎದ್ದು ತಮ್ಮ ಹೊಲದ ಹತ್ತಿಗೆ ಸಿಕ್ಕ ದರ ಹೇಳಿದ. ಆಮೇಲೆ ಯಾರೂ ಆಕಳಿಸಲಿಲ್ಲ.

ಇನ್ನು ಶಾಲೆ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನಲ್ಲಿ ಹೇಗೂ ಎರಡು ವರ್ಷಕ್ಕೆ 240 ಗಂಟೆ ಸೇವೆ ಇದೆ ಅಲ್ವಾ? ಅದನ್ನು ಸುಮ್ನೆ ಹತ್ತು ಊರಿಗೆ ಹಂಚಬೇಡಿ. ಒಬ್ಬರಿಗೆ ಮೂರೇ ಮಕ್ಕಳು, ಅದೇ ಶನಿವಾರ, ಅದೇ ಕಟ್ಟೆ. ಕುಂದಗೋಳ ಹತ್ತಿರದ ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು 'ಮೆಣಸಿನಕಾಯಿ' ಪದದ ಮೇಲೆ ಬೆರಳಿಟ್ಟು, ತಡವರಿಸದೆ ಓದಲು ಮೂರು ವಾರ ಬೇಕಾಯಿತು. ಅದನ್ನು ಕೇಳಿಸಿಕೊಂಡ ನಮ್ಮ ವಿದ್ಯಾರ್ಥಿನಿ ಮುಂದೆ ಪರೀಕ್ಷೆ ಇದ್ದಾಗಲೂ ಒಂದು ಶನಿವಾರ ತಪ್ಪಿಸಲಿಲ್ಲ.

ಮೊದಲ ತಿಂಗಳು ಫೋಟೊ ಬೇಡ. ಸುಗ್ಗಿಯಲ್ಲಿ ಮಕ್ಕಳು ಬರದಿದ್ದರೆ ಬೈಯುವುದು ಬೇಡ, ಮನೆಗೇ ಹೋಗಿ ಮಾತಾಡಿಸಿ ಬರಲಿ.