ತಾಯಿ ಕಾರ್ಡಿಗೂ ಮೊದಲೇ ಬೇಕಾದ ಗುಳಿಗೆ

ಪ್ರಶ್ನೆ: ನನ್ನ ಮೊದಲ ಮಗು ಬೆನ್ನಿನ ಕೆಳಭಾಗದಲ್ಲಿ ಗಂಟಿನೊಂದಿಗೆ ಹುಟ್ಟಿತು, ವೈದ್ಯರು ಅದನ್ನು ಸ್ಪೈನಾ ಬೈಫಿಡಾ ಎಂದರು. ಗ್ರಹಣದ ದಿನ ನಾನು ಕಾಫಿ ಕಣಕ್ಕೆ ಹೋದದ್ದೇ ಕಾರಣವೆಂದು ಅತ್ತೆಯವರು ಈಗಲೂ ಹೇಳುತ್ತಾರೆ. ಈಗ ಎರಡನೆಯ ಮಗುವಿಗೆ ಮನಸ್ಸು ಮಾಡಿದ್ದೇವೆ. ಸೊಪ್ಪು, ತರಕಾರಿ ಚೆನ್ನಾಗಿ ತಿಂದರೆ ಸಾಕೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ನೀವು ಕಣಕ್ಕೆ ಹೋದದ್ದರಿಂದ ಏನೂ ಆಗಿಲ್ಲ. ಆದರೆ ಸೊಪ್ಪು, ತರಕಾರಿಯಷ್ಟೇ ಸಾಲದು, ಫೋಲಿಕ್ ಆಮ್ಲವೆಂಬ ಬಿ ವಿಟಮಿನ್ನಿನ ಗುಳಿಗೆಯೂ ಗರ್ಭ ನಿಲ್ಲುವ ಮೊದಲೇ ಬೇಕು. ಪತ್ರೊಡೆಗೆ ಕೆಸುವಿನ ಎಲೆಯ ಅಂಚುಗಳನ್ನು ಒಳಕ್ಕೆ ಮಡಚುವಂತೆ, ಭ್ರೂಣದ ಬೆನ್ನಿನ ಮೇಲಿನ ಒಂದು ಚಪ್ಪಟೆ ಪದರವು ಎರಡೂ ಬದಿಯಿಂದ ಮೇಲೆದ್ದು, ಅಂಚಿಗೆ ಅಂಚು ಕೂಡಿ ಕೊಳವೆಯಾಗುತ್ತದೆ. ಮುಂದೆ ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವುದು ಈ ನರಕೊಳವೆಯೇ. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ, ಅಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ, ಈ ಕೆಲಸ ಮುಗಿದಿರುತ್ತದೆ. ಬೆನ್ನಿನ ಭಾಗದಲ್ಲಿ ಅಂಚುಗಳು ಕೂಡದೆ ಉಳಿದರೆ ಅದೇ ಸ್ಪೈನಾ ಬೈಫಿಡಾ. ಆಶಾ ಕಾರ್ಯಕರ್ತೆಗೆ ಸುದ್ದಿ ತಿಳಿಸಿ ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಹೆಚ್ಚಿನವರಲ್ಲಿ ಆ ಗಡುವು ದಾಟಿರುತ್ತದೆ. ನಮ್ಮ ಆರೋಗ್ಯ ಪ್ರಚಾರವು ಗರ್ಭಿಣಿಯರನ್ನು ಹುಡುಕಿಕೊಂಡು ಹೋಗುತ್ತದೆಯೇ ಹೊರತು ಗರ್ಭಿಣಿಯಾಗಬೇಕೆಂದಿರುವವರನ್ನಲ್ಲ ಎಂಬುದು ನನ್ನ ಹಳೆಯ ತಕರಾರು.

ಹಿಂದೆ ಇಂಥ ಮಗುವನ್ನು ಹೆತ್ತ ತಾಯಂದಿರನ್ನೇ ಆರಿಸಿಕೊಂಡು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 7 ದೇಶಗಳ 33 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಪಡೆದ ಸುಮಾರು 600 ಗರ್ಭಿಣಿಯರಲ್ಲಿ 6 ಮಂದಿಗೆ, ಪಡೆಯದ ಹೆಚ್ಚುಕಡಿಮೆ ಅಷ್ಟೇ ಮಂದಿಯಲ್ಲಿ 21 ಮಂದಿಗೆ ತೊಂದರೆ ಮರುಕಳಿಸಿತ್ತು. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಆ 6 ಸೊನ್ನೆಯಲ್ಲ ಎಂಬುದನ್ನೂ ಹೇಳಬೇಕು. ಗುಳಿಗೆ ಅಪಾಯವನ್ನು ಬಹಳಷ್ಟು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ಸೊಪ್ಪು ಧಾರಾಳವಾಗಿ ತಿನ್ನಿ, ಆದರೆ ಅದನ್ನೇ ನೆಚ್ಚಬೇಡಿ. ಸೊಪ್ಪಿನಲ್ಲಿರುವ ಫೋಲೇಟ್ (ಇದೇ ವಿಟಮಿನ್ನಿನ ಸಹಜ ರೂಪ) ನೀರಿನಲ್ಲಿ ಕರಗುತ್ತದೆ, ಶಾಖಕ್ಕೆ ನಶಿಸುತ್ತದೆ. ತೆರ್ಮೆಯೆಂಬ ಜರೀಗಿಡದ ಚಿಗುರನ್ನೋ ಕೆಸುವನ್ನೋ ಬೇಯಿಸಿ ನೀರು ಬಸಿದರೆ ಸಾಕಷ್ಟು ಪಾಲು ಬಚ್ಚಲಿಗೆ ಹೋಯಿತೆಂದೇ ತಿಳಿಯಿರಿ. ಹಿಂದೆ ಇಂಥ ತೊಂದರೆ ಕಾಣದ, ತಾಯಿಯಾಗಲಿರುವವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಮಾನ್ಯ ಪ್ರಮಾಣ. ನಿಮಗೆ ಅದರ ಹತ್ತು ಪಟ್ಟು ಬೇಕಾಗುವುದರಿಂದ, ಗರ್ಭ ತಡೆಯುವುದನ್ನು ಬಿಡುವ ಮೊದಲೇ ವೈದ್ಯರನ್ನು ಕಂಡು ಬರೆಸಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 5 ಮಿಲಿಗ್ರಾಂ ಗುಳಿಗೆ. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ 12 ವಾರ ತುಂಬುವವರೆಗೆ ಅದನ್ನು ತಪ್ಪದೆ ತೆಗೆದುಕೊಳ್ಳಬೇಕು. ಮೂರ್ಛೆರೋಗಕ್ಕೆ ಔಷಧಿ ನಡೆಯುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. 18ರಿಂದ 20ನೆಯ ವಾರದ ಸ್ಕ್ಯಾನ್ ಮಳೆಗಾಲಕ್ಕೆ ಬೀಳುವಂತಿದ್ದರೆ, ರಸ್ತೆ ಕುಸಿಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿದು ದಿನಾಂಕವನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳಿ.